ಸೈಡ್‌ವಿಂಗಿನ ಜಾಗ

ಕೋಲಾರ ಜಿಲ್ಲೆಯ ನಮ್ಮೂರು ವಕ್ಕಲೇರಿಗೆ ಬೆಳಗಾಗುವುದು ಹಾಲಿನ ಕ್ಯಾನುಗಳ ಸದ್ದಿನಿಂದ. ಮಾರ್ಕಂಡೇಶ್ವರನ ಬೆಟ್ಟದ ಮೇಲೆ ಇನ್ನೂ ಮಂಜು ಕೂತಿರುವಾಗಲೇ ಡೈರಿಯ ಮುಂದೆ ಜನ ಸಾಲು ನಿಂತಿರುತ್ತಾರೆ. ಎಷ್ಟೋ ವರ್ಷಗಳ ಹಿಂದೆ ಅಂಥದೇ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನ ರಾತ್ರಿ ಊರಲ್ಲಿ ಕುರುಕ್ಷೇತ್ರ ನಾಟಕ. ನಮ್ಮ ಕಡೆ ಗಂಡು ಪಾತ್ರಗಳೆಲ್ಲ ಊರಿನವರದೇ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಪದ, ಮಾತು ಕಲಿಸಿರುತ್ತಾರೆ. ದ್ರೌಪದಿ, ಉತ್ತರೆ, ರುಕ್ಮಿಣಿಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರುತ್ತಾರೆ. ಸಂಜೆ ಬಂದು, ರಾತ್ರಿಯೆಲ್ಲ ಆಡಿ, ಬೆಳಿಗ್ಗೆ ಹೊರಟುಬಿಡುತ್ತಾರೆ.

ದ್ರೌಪದಿ ಆಡಿದ್ದ ಹೆಂಗಸು ತಮ್ಮ ಟ್ರಂಕಿನ ಮೇಲೆ ಕೂತಿದ್ದರು. ಕಣ್ಣಂಚಿನ ಕಾಡಿಗೆ ಪೂರ್ತಿ ಹೋಗಿರಲಿಲ್ಲ. ಕಿವಿಯ ಹಿಂದೆ ಬಣ್ಣ ಉಳಿದಿತ್ತು. ಅಭಿಮನ್ಯು ಆಡಿದ್ದ ಹುಡುಗ ಅವರಿಗೆ ಟೀ ತಂದುಕೊಟ್ಟ. ಕೂಗಿ ಕೂಗಿ ಅವನ ಗಂಟಲು ಕಟ್ಟಿಹೋಗಿತ್ತು.

“ಅಕ್ಕಾ, ನೀವೂ ರಾತ್ರಿಯೆಲ್ಲಾ ಹಾಡಿದ್ರಿ. ನಿಮ್ಮ ಗಂಟಲು ಹೆಂಗೆ ನೆಟ್ಟಗಿದೆ?”

ಅವರು ನಕ್ಕು, ಲೋಟ ಕೆಳಗಿಟ್ಟು, ಹುಡುಗನ ಅಂಗೈಯನ್ನು ಅವನ ಹೊಟ್ಟೆಯ ಮೇಲೇ ಇಡಿಸಿದರು. “ಗಂಟಲಿಂದ ಕೂಗಬೇಡಪ್ಪಾ. ಇಲ್ಲಿಂದ ತಗೋ. ಉಸಿರು ಎಳ್ಕೊಂಡ್ರೆ ಕೈ ಮುಂದಕ್ಕೆ ಬರ್ಬೇಕು. ಹಾಂ, ಈಗ ಮಾತು ಹೇಳು.”

ಹುಡುಗ ನಾಚಿಕೊಂಡೇ ಹೇಳಿದ.

“ಕೊನೇ ಅಕ್ಷರ ನುಂಗಬೇಡ. ಹಿಂದುಗಡೆ ಚಾಪೆ ಮೇಲೆ ಕೂತಿರೋ ಅಜ್ಜಿಗೂ ಅದು ಸಿಗ್ಬೇಕು.”

ಮೂರು ಸಲ ಹೇಳಿಸಿದರು. ಮೂರನೆಯ ಸಲ ಡೈರಿಯ ಮುಂದಿನವರು ತಿರುಗಿ ನೋಡಿದರು. ಅಷ್ಟರಲ್ಲಿ ಬಸ್ಸು ಬಂತು. ಅವರಿಗೆ ಸಂಭಾವನೆ ಕೊಟ್ಟದ್ದು ದ್ರೌಪದಿಯ ಪಾತ್ರಕ್ಕೆ; ಈ ಪಾಠ ಲೆಕ್ಕದ ಹೊರಗಿನದು.

ನಟಿಯೊಬ್ಬರು ಗುರುವಾದರು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಬಸ್ ಸ್ಟಾಪು ನೆನಪಾಗುತ್ತದೆ.

ಬಿ. ಜಯಶ್ರೀ ಅವರ ಬದುಕನ್ನೇ ನೋಡಿ. 1950ರಲ್ಲಿ ಹುಟ್ಟಿದ ಅವರು ಗುಬ್ಬಿ ವೀರಣ್ಣನವರ ಮೊಮ್ಮಗಳು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯಲ್ಲಿ ಬೆಳೆದ ಮಕ್ಕಳಿಗೆ ಸೈಡ್‌ವಿಂಗೇ ಶಾಲೆ. ಪರದೆಯ ಪಕ್ಕದ ಕತ್ತಲಲ್ಲಿ ನಿಂತು, ದೊಡ್ಡವರು ಆಡುವುದನ್ನು ನೋಡಿ ನೋಡಿಯೇ ಮಾತು, ಹಾಡು ಮೈಗೆ ಹತ್ತಬೇಕು. ಆಮೇಲೆ ಜಯಶ್ರೀ ಹೋದದ್ದು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ, ಇಬ್ರಾಹಿಂ ಅಲ್ಕಾಜಿಯವರ ಶಿಸ್ತಿನ ಕೈಕೆಳಗೆ. 1973ರಲ್ಲಿ ಅಲ್ಲಿಂದ ಹೊರಬಂದರು. ಕಂಪನಿಯಲ್ಲಿ ಕಣ್ಣು ಕಲಿತದ್ದಕ್ಕೆ ಶಾಲೆ ಹೆಸರು ಕೊಟ್ಟಿತು, ಕಾರಣ ಹೇಳಿತು. ಎರಡನ್ನೂ ಕಟ್ಟಿಕೊಂಡು ಬಂದು 1976ರಲ್ಲಿ ಬೆಂಗಳೂರಿನಲ್ಲಿ ‘ಸ್ಪಂದನ’ ತಂಡ ಶುರುಮಾಡಿದರು. ‘ಲಕ್ಷಾಪತಿ ರಾಜನ ಕಥೆ’, ಕಂಬಾರರ ‘ಕರಿಮಾಯಿ’ಯಂಥ ನಾಟಕಗಳ ತಾಲೀಮಿನಲ್ಲಿ ಎಷ್ಟೋ ಎಳೆಯರು ಅವರ ಕೈಯಲ್ಲಿ ಹದಗೊಂಡರು. ಮುಂದೆ ಮೈಸೂರಿನ ರಂಗಾಯಣದ ನಿರ್ದೇಶಕಿಯಾದರು. 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ, 2013ರಲ್ಲಿ ಪದ್ಮಶ್ರೀ. ಆದರೆ ನನ್ನ ಮನಸ್ಸು ನಿಲ್ಲುವುದು ಬೇರೊಂದು ಕಡೆ. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ವೀರಣ್ಣನವರಿಗೆ ಊರೂರಲ್ಲಿ ಹೆಸರು ತಂದದ್ದು. ಅದೇ ಕಳ್ಳನಾಗಿ ಮೊಮ್ಮಗಳೂ ರಂಗಕ್ಕೆ ಬಂದರು. ತಾತನ ಆಸ್ತಿ ಅಂದರೆ ಹೊಲ, ಮನೆ, ಒಡವೆ ಅಂದುಕೊಳ್ಳುತ್ತೇವೆ. ಇಲ್ಲಿ ಒಂದು ನಗು, ಒಂದು ನಡಿಗೆ ಪಾಲಿಗೆ ಬಂದಿದೆ.

ಬಂದದ್ದನ್ನು ಆಡಿ ತೋರಿಸುವುದು ಒಂದು ಕಷ್ಟ. ಇನ್ನೊಬ್ಬರ ಮೈಗೆ ದಾಟಿಸುವುದು ಬೇರೆಯೇ ಕಷ್ಟ. ನಮ್ಮಮ್ಮ ದಿನಾ ಮುದ್ದೆ ಮಾಡುತ್ತಿದ್ದಳು, ಒಂದು ದಿನವೂ ಗಂಟು ಬಿದ್ದದ್ದಿಲ್ಲ. ಮನೆಗೆ ಬಂದ ಸೊಸೆ, “ಅತ್ತೇ, ಎಸರಿಗೆ ಎಷ್ಟು ಹಿಟ್ಟು?” ಎಂದು ಕೇಳಿದಾಗ ಅಮ್ಮ ತಬ್ಬಿಬ್ಬಾದಳು. “ನೋಡ್ಕೊಂಡು ಹಾಕಮ್ಮಾ” ಅಂದಳು. ಎರಡು ದಿನ ಸೊಸೆಯ ಮುದ್ದೆ ಗಂಟಾಯಿತು. ಮೂರನೆಯ ದಿನ ಅಮ್ಮ ತಾನೇ ಒಲೆಯ ಮುಂದೆ ಕೂತು, ಕೋಲು ತಿರುವುತ್ತಾ, ತನ್ನ ಕೈಯನ್ನೇ ಮೊದಲ ಸಲ ಕಂಡಂತೆ ನೋಡಿದಳು. “ಹಿಟ್ಟು ಬೆಂದ ವಾಸನೆ ಬರೋಗಂಟ ಕೋಲು ಆಡಿಸ್ಬೇಡ” ಅಂದಳು. ನಲವತ್ತು ವರ್ಷ ಅವಳ ಕೈಗೆ ಗೊತ್ತಿದ್ದದ್ದು ಅವಳ ಬಾಯಿಗೆ ಬಂದದ್ದು ಆವತ್ತು. ಕಲಿಸಲು ಕೂತ ನಟಿಯೂ ಹೀಗೆಯೇ ತನ್ನೊಳಗೆ ಇಳಿದು, ತನ್ನ ಉಸಿರು ಎಲ್ಲಿ ನಿಲ್ಲುತ್ತದೆ, ಕಣ್ಣು ಯಾವಾಗ ತಿರುಗುತ್ತದೆ ಎಂದು ಹುಡುಕಬೇಕಾಗುತ್ತದೆ.

ರಂಗನಿರ್ದೇಶಕಿ ಪ್ರೇಮಾ ಕಾರಂತರ ದಾರಿ ಜಯಶ್ರೀಯವರ ದಾರಿಗೆ ತಿರುಗುಮುರುಗು. ಆಗಿನ ನಮ್ಮ ಕೋಲಾರ ಜಿಲ್ಲೆಯ ಶಿಡ್ಲಘಟ್ಟದ ಕಡೆ ಬೆಳೆದ ಅವರು ಮೊದಲು ಶಾಲೆಯ ಟೀಚರ್. ನಾಟಕ ಶಾಲೆಗೆ ಹೋದದ್ದು ಆಮೇಲೆ. ‘ಫಣಿಯಮ್ಮ’ ಸಿನಿಮಾ ನಿರ್ದೇಶಿಸಿದ್ದು ಇನ್ನೂ ಆಮೇಲೆ. ಆದರೆ ರಂಗಕ್ಕೆ ಬಂದ ಮೇಲೂ ತರಗತಿಯ ಮಕ್ಕಳನ್ನು ಮರೆಯಲಿಲ್ಲ. 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಹುಟ್ಟುಹಾಕಿ, ಬಣ್ಣ ಹಚ್ಚಿದ ಪುಟ್ಟ ಮುಖಗಳ ನಡುವೆ ಮತ್ತೆ ಟೀಚರ್ ಆದರು.

ಹೀಗೆ ಕಲಿಸುವುದನ್ನು ನೆನೆದಾಗ ನಮ್ಮೂರಿನ ಒಂದು ಹಳೆಯ ಮಾತು ನೆನಪಾಗುತ್ತದೆ. ನಮ್ಮೂರಿಗೆ ಇತಿಹಾಸದ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಒಂದು ತಾಮ್ರಶಾಸನದಿಂದ. ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನದು, ಕ್ರಿ.ಶ. 757ರದು. ಅದರಲ್ಲಿ ಅವನ ತಂದೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ಪ್ರಸಂಗ ಬರುತ್ತದೆ. ಕಂಚಿಯೊಳಗೆ ಕಾಲಿಟ್ಟ ದೊರೆ ಅದನ್ನು ಹಾಳುಗೆಡವಲಿಲ್ಲ. ರಾಜಸಿಂಹೇಶ್ವರ ದೇವಾಲಯದ ಚಿನ್ನವನ್ನು ದೇವಾಲಯಕ್ಕೇ ಮರಳಿಸಿದ. ಅದನ್ನು ದಾನ ಅನ್ನಲು ನನಗೆ ಮನಸ್ಸಾಗುವುದಿಲ್ಲ. ಚಿನ್ನ ಮೊದಲೇ ದೇವರದು. ದೊರೆಯ ಕೈಗೆ ಒಂದು ಗಳಿಗೆ ಬಂದಿತ್ತು, ಅಷ್ಟೆ.

ಕಲಿಸುವ ನಟಿಯರನ್ನು ನೋಡಿದಾಗ ನನಗೆ ಅನ್ನಿಸುವುದೂ ಇದೇ. ಜನ ಅದನ್ನು ತ್ಯಾಗ ಎನ್ನುತ್ತಾರೆ. ಚಪ್ಪಾಳೆ ಬಿಟ್ಟು ತೆರೆಯ ಮರೆಗೆ ಹೋದರಲ್ಲ ಎಂದು ಮರುಗುತ್ತಾರೆ. ಆದರೆ ಆ ಉಸಿರು, ಆ ದನಿ, ಕೊನೇ ಅಕ್ಷರವನ್ನು ಅಜ್ಜಿಯವರೆಗೆ ಮುಟ್ಟಿಸುವ ಆ ಜಾಣ್ಮೆ ಅವರಿಗೂ ಯಾರಿಂದಲೋ ಬಂದದ್ದು. ರಂಗದ್ದನ್ನು ರಂಗಕ್ಕೆ ಮರಳಿಸುತ್ತಿದ್ದಾರೆ. ಹುಡುಗಿಯಾಗಿದ್ದಾಗ ನೋಡುತ್ತಾ ನಿಂತಿದ್ದ ಸೈಡ್‌ವಿಂಗಿಗೇ ಹಿರಿಯರಾಗಿ ಬಂದು ನಿಂತಿದ್ದಾರೆ. ಜಾಗ ಅದೇ, ಕತ್ತಲೂ ಅದೇ. ನಮ್ಮ ಕೈಯ ಹದ, ನಾಲಿಗೆಯ ಮಾತು, ಲೆಕ್ಕದ ಚುರುಕು ಯಾರಿಂದ ಬಂದವು ಎಂದು ನಾವೂ ಒಮ್ಮೆ ನೆನೆದರೆ, ಎಲ್ಲಿ ಮರಳಿಸಬೇಕು ಎಂಬುದು ತಾನಾಗಿ ಹೊಳೆದೀತು.

ಮೊನ್ನೆ ಜಾತ್ರೆಯ ಹೊತ್ತಿಗೆ ಊರಲ್ಲಿ ಮತ್ತೆ ಕುರುಕ್ಷೇತ್ರ ಆಡಿದರು. ಹೊಸ ಅಭಿಮನ್ಯು, ಇನ್ನೂ ಮೀಸೆ ಬಾರದ ಹುಡುಗ. ಚಕ್ರವ್ಯೂಹದ ಮಾತು ಬಂದಾಗ ನಾನು ಸುಮ್ಮನೆ ಪಕ್ಕಕ್ಕೆ ಕಣ್ಣು ಹಾಯಿಸಿದೆ. ಸೈಡ್‌ವಿಂಗಿನಲ್ಲಿ ಹಳೆಯ ಅಭಿಮನ್ಯು ನಿಂತಿದ್ದ. ತಲೆ ನರೆತಿದೆ, ಹೆಗಲ ಮೇಲೆ ಟವೆಲ್. ಹುಡುಗನ ಮಾತಿಗೆ ಸರಿಯಾಗಿ ಅವನ ತುಟಿಯೂ ಆಡುತ್ತಿತ್ತು. ಅಂಗೈ ಅವನಿಗೇ ಗೊತ್ತಿಲ್ಲದೆ ಹೊಟ್ಟೆಯ ಮೇಲೆ ಹೋಗಿತ್ತು. ಹಿಂದುಗಡೆ ಚಾಪೆಯ ಮೇಲೆ ಕೂತಿದ್ದ ನಮಗೆ ಕೊನೇ ಅಕ್ಷರವೂ ಕೇಳಿಸಿತು.