ಅಟ್ಟದ ಏಣಿಯೂ ಒದ್ದೆಯ ಬಟ್ಟೆಯೂ

ಭಾದ್ರಪದ, ಆಶ್ವಯುಜ ಮಾಸಗಳಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲಗಳ ಸೀಮೆಯಲ್ಲಿ ವರ್ಷದ ಉಳಿದ ಕಾಲಕ್ಕಿಂತ ಮಳೆ ಹೆಚ್ಚು. ಬೆಳಗ್ಗೆ ಒಗೆದ ಬಟ್ಟೆಯು ಸಂಜೆಯಾದರೂ ಒಣಗದು. ಹಿತ್ತಿಲಿದ್ದ ಮನೆಗಳಿಗೆ ಈಗ ಹಿತ್ತಿಲಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ತೆರೆದ ಮೇಲಂತೂ ಆ ಭಾಗದಲ್ಲಿ ನಿವೇಶನದ ಅಂಗುಲ ಅಂಗುಲವೂ ಕಟ್ಟಡವಾಗಿ, ಹಗ್ಗ ಕಟ್ಟಲು ಎರಡು ಮರ ದೊರೆಯುವುದೂ ದುರ್ಲಭವಾಗಿದೆ. ಒದ್ದೆಯ ಬಟ್ಟೆಯನ್ನು ಮನೆಯೊಳಗೆ ಒಣಗಿಸುವ ಬಗೆ ಹೇಗೆಂಬುದು ಗೃಹಿಣಿಯ ನಿತ್ಯದ ತೊಡಕು. ಇದೂ ಒಂದು ಧರ್ಮಜಿಜ್ಞಾಸೆಯೇ ಎಂದು ವಾಚಕರು ಶಂಕಿಸಬಹುದು. ಬಟ್ಟೆ ಒಗೆಯುವುದನ್ನೇ ಕಾಯಕವಾಗಿ ಕೈಕೊಂಡ ಮಡಿವಾಳ ಮಾಚಯ್ಯನು ಶರಣಸಮೂಹದಲ್ಲಿ ಎಂತಹ ಗೌರವಕ್ಕೆ ಪಾತ್ರನಾದನೆಂಬುದನ್ನು ನೆನೆದರೆ ಆ ಶಂಕೆ ನಿಲ್ಲದು.

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಕಾಣುವಂತಹ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮುಂದಿನ ಅಂಕಣದಲ್ಲಿ ವಿದ್ಯುತ್ ಮಗ್ಗ, ಅದರ ಹಿಂದೆ ನಡುಮನೆ, ಅಡಿಗೆಮನೆ, ಮೇಲೆ ಅಟ್ಟ. ಅಟ್ಟದಲ್ಲಿ ಎರಡು ಮೆಟ್ಟಿಲು ಮುರಿದ ಬಿದಿರೇಣಿ, ಬತ್ತಿದ ಬಾವಿಯ ರಾಟೆ, ಹಳೆಯ ನೂಲಿನ ಸೀರೆಗಳ ಗಂಟು, ಕಡ್ಡಿ ಮುರಿದ ಕೊಡೆ, ಮೂರು ಕಾಲಿನ ಕುರ್ಚಿ. ಯಾವುದನ್ನೂ ಬಿಸಾಡಬಾರದು, ಎಂದಾದರೂ ಬೇಕಾದೀತು ಎಂಬುದು ಯಜಮಾನನ ವ್ರತ. ಕೆಳಗೆ ಬಾಗಿಲ ಮೇಲೊಂದು ಪಂಚೆ, ಕುರ್ಚಿಯ ಬೆನ್ನಿಗೊಂದು ರವಿಕೆ, ಮೊಮ್ಮಗನ ಬಟ್ಟೆಗಳು ಒಲೆಯ ಪಕ್ಕದಲ್ಲಿ. ಪೇಟೆಯಿಂದ ಬಟ್ಟೆ ಒಣಗಿಸುವ ಒಂದು ಸ್ಟ್ಯಾಂಡು ತನ್ನಿರೆಂದು ಪತ್ನಿ ಕೇಳಿದರೆ, “ಮನೆಯಲ್ಲೇ ಬೇಕಾದಷ್ಟು ಸಾಮಾನಿದೆ, ಮಾಡಿಕೊಡುತ್ತೇನೆ” ಎಂಬ ಉತ್ತರ. ಹೀಗೆ ಮೂರು ಮಳೆಗಾಲ ಕಳೆಯಿತು.

ಇಲ್ಲಿ ಯಜಮಾನನು ಮಿತವ್ಯಯಿಯೋ, ಲೋಭಿಯೋ?

ಆತನ ಮಾತಿನಲ್ಲಿ ಅಸತ್ಯವಿಲ್ಲ. ಸಾಮಾನು ನಿಜವಾಗಿಯೂ ಸಾಕಷ್ಟಿದೆ. ಮನುಷ್ಯರು ಹತ್ತಲು ಬಾರದ ಏಣಿಯು ಬಟ್ಟೆಗಳನ್ನು ಹೊರಲಾರದೆ? ಅದನ್ನು ಸೂರಿನಿಂದ ಅಡ್ಡಲಾಗಿ ತೂಗುಬಿಟ್ಟರೆ ಉಳಿದ ಮೆಟ್ಟಿಲುಗಳೇ ಬಟ್ಟೆ ಹರವುವ ಗಳುಗಳು. ಸೆರಗು ಸವೆದು ಮೈ ಗಟ್ಟಿಯಾಗಿರುವ ಸೀರೆಗಳನ್ನು ಉದ್ದಕ್ಕೆ ಸೀಳಿ, ಮೂರೆಳೆಯಾಗಿ ಹೆಣೆದು, ಒಂದೇ ಅಳತೆಯ ನಾಲ್ಕು ಹಗ್ಗ ಮಾಡಬೇಕು. ಏಣಿಯ ನಾಲ್ಕು ಮೂಲೆಗಳಿಂದ ಅವನ್ನು ಮೇಲಕ್ಕೆ ತಂದು ಒಂದು ಕಬ್ಬಿಣದ ಬಳೆಗೆ ಬಿಗಿಯಬೇಕು. ಬಳೆಯಿಂದ ಇನ್ನೊಂದು ಹಗ್ಗವು, ತೊಟ್ಟಿಲಿಗೆಂದು ಸೂರಿಗೆ ಹಾಕಿದ್ದ ಕೊಂಡಿಯಲ್ಲಿ ತೂಗುವ ರಾಟೆಯನ್ನು ಹಾದು, ಗೋಡೆಯ ಗೂಟಕ್ಕೆ ಸುತ್ತಿಕೊಳ್ಳುತ್ತದೆ. ಸಡಿಲಿಸಿದರೆ ಏಣಿ ಎದೆಯೆತ್ತರಕ್ಕೆ ಇಳಿಯುವುದು. ಎಳೆದರೆ ತಲೆಯ ಮೇಲೇರುವುದು. ಭುಜದ ನೋವಿರುವ ವೃದ್ಧೆಯೂ ಕೈಯೆತ್ತದೆ ಬಟ್ಟೆ ಹರವಬಹುದು. ಎರಡು ಪಕ್ಕಕ್ಕೂ ಭಾರ ಸಮನಾಗಿರದಿದ್ದರೆ ಮಾತ್ರ ಅದು ವಾಲುತ್ತದೆ. ಬಿದಿರಿನ ಸಿಬಿರು ಬಟ್ಟೆಯನ್ನು ಹಿಡಿಯದಂತೆ ಚಿಂದಿ ಸುತ್ತಬೇಕು. ಮೊಳೆಯಿದ್ದರೆ ತುಕ್ಕಿನ ಕಲೆ ತಪ್ಪದು, ಅದನ್ನು ಕಿತ್ತುಬಿಡಬೇಕು. ಮೊದಲು ಎರಡು ತುದಿಗಳಿಗೂ 15 ಲೀಟರಿನ ತುಂಬಿದ ಕೊಡವೊಂದೊಂದನ್ನು ಕಟ್ಟಿ, ನೆಲದಿಂದ ಗೇಣೆತ್ತರದಲ್ಲಿ ಒಂದು ರಾತ್ರಿ ಬಿಡುವುದು ಕ್ಷೇಮ. 30 ಕಿಲೋ ತಡೆದ ಹಗ್ಗಕ್ಕೆ ಮನೆಯವರ ಬಟ್ಟೆ ಹೆಚ್ಚಲ್ಲ. ಬಟ್ಟೆಯನ್ನು ಬಿಟ್ಟ ನೀರು ಕೋಣೆಯ ಗಾಳಿಯನ್ನೇ ಸೇರುವುದರಿಂದ ಕಿಟಕಿ ತೆರೆದಿರಬೇಕು; ಇಲ್ಲವಾದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ.

ಮಡಿಬಟ್ಟೆಯನ್ನು ಯಾರೂ ಮುಟ್ಟಬಾರದೆಂದು ಸೂರಿನಲ್ಲಿ ಗಳು ಕಟ್ಟಿ, ಕೋಲಿನಿಂದ ಹರವುವ ಪದ್ಧತಿ ಕೆಲವು ಮನೆಗಳಲ್ಲಿ ಉಂಟು. ಮುಟ್ಟಿನಿಂದ ಮೈಲಿಗೆಯೆಂಬುದನ್ನು ಶರಣರು ಒಪ್ಪಲಿಲ್ಲ. ಬಟ್ಟೆಯು ಯಾರ ಕೈ ತಾಕಿದರೂ ಕೆಡದು, ಒಣಗದಿದ್ದರೆ ಕೆಟ್ಟೀತು.

ಇಷ್ಟು ಕೆಲಸಕ್ಕೆ ಎರಡು ದಿನ ಸಾಕು. ಮೂರು ವರ್ಷ ಅದು ನಡೆಯದೆ ಹೋದದ್ದರಲ್ಲಿಯೇ ಪ್ರಶ್ನೆಯ ಮೂಲವಿದೆ. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಬಿದ್ದುದನ್ನು ವ್ಯರ್ಥಗೊಳಿಸದ ಕಾಯಕಕ್ಕೆ ಅದಕ್ಕಿಂತ ಶ್ರೇಷ್ಠ ನಿದರ್ಶನ ದುರ್ಲಭ. ಆದರೆ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಬಂದಾಗ ಲಕ್ಕಮ್ಮನು ಏನು ಮಾಡಿದಳು? ಇದ್ದರೆ ಇರಲಿ, ನಾಳೆಗಾದೀತು ಎನ್ನಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಆಯುವುದು ಕಾಯಕವಾದುದು ಇಂದಿನ ಅಗತ್ಯದವರೆಗೆ ಮಾತ್ರ. ಅದರಾಚೆಗೆ ಅದೇ ಅಕ್ಕಿಯು ಆಸೆಯಾಯಿತು. ನುಲಿಯ ಚಂದಯ್ಯನು ಹುಲ್ಲನ್ನು ಕೊಯ್ದದ್ದು ಹಗ್ಗ ಹೊಸೆಯಲು, ಮೆದೆ ಒಟ್ಟಲು ಅಲ್ಲ.

ಈ ದೃಷ್ಟಿಯಿಂದ ನೋಡಿದರೆ ಅಟ್ಟದ ಏಣಿಯು ಅಟ್ಟದಲ್ಲಿರುವವರೆಗೂ ಸಂಗ್ರಹವೇ. ಯಜಮಾನನು ಒಂದು ಕಾಸನ್ನೂ ವ್ಯಯಿಸಲಿಲ್ಲವೆಂಬುದು ನಿಜ. ಆದರೆ ಆ ಉಳಿತಾಯದ ಬೆಲೆಯನ್ನು ತೆತ್ತವರಾರು? ಮಿತವ್ಯಯದ ಹೆಮ್ಮೆ ಪತಿಗೆ, ಒದ್ದೆಯ ಬಟ್ಟೆ ಪತ್ನಿಗೆ. ಪತಿಪತ್ನಿಯರ ಏಕಭಾವದ ಭಕ್ತಿಯನ್ನು ಕೊಂಡಾಡಿದ ಪರಂಪರೆಯಲ್ಲಿ ಇಂತಹ ಹಂಚಿಕೆಗೆ ಎಡೆಯೆಲ್ಲಿ? ಕೈಗೆ ಬಿಡುವಿಲ್ಲದವನು ಮೊದಲ ಮಳೆಗಾಲದಲ್ಲಿಯೇ ಪೇಟೆಯಿಂದ ಕೊಂಡುತಂದಿದ್ದರೆ ಅದರಲ್ಲಿ ದೋಷವೇನೂ ಇರುತ್ತಿರಲಿಲ್ಲ.

ಗುಜರಿಯವನ ಮಾತೂ ಬರುತ್ತದೆ. ಹಳೆಯದನ್ನೆಲ್ಲ ಮನೆಯಲ್ಲಿಯೇ ಬಳಸಿದರೆ ಅವನ ಹೊಟ್ಟೆಯ ಪಾಡೇನು ಎಂದು ಕೆಲವರು ಕೇಳುತ್ತಾರೆ. ಬಳಸಿದುದರಿಂದ ಅವನಿಗೆ ಆದ ನಷ್ಟ ಅಲ್ಪ. ಬಳಸದೆಯೂ ಕೊಡದೆಯೂ ಅಟ್ಟದಲ್ಲಿ ಧೂಳು ತಿನ್ನಿಸಿದ ಕಬ್ಬಿಣ, ಹಿತ್ತಾಳೆಗಳಲ್ಲಿಯೇ ಅವನ ಕೂಲಿ ಅಡಗಿದೆ. ಬೀದಿಯಲ್ಲಿ ಅವನ ಕೂಗು ಕೇಳಿದಾಗ ಬಾಗಿಲು ಮುಚ್ಚಿಕೊಳ್ಳುವ ಮನೆಯು ದಾಸೋಹದ ಮಾತನ್ನು ಆಡುವ ಮುನ್ನ ಒಮ್ಮೆ ಅಟ್ಟವನ್ನು ನೋಡಿಕೊಳ್ಳುವುದು ಲೇಸು.

ನಾಲ್ಕನೆಯ ಮಳೆಗಾಲಕ್ಕೆ ಆ ಮನೆಯಲ್ಲಿ ಏಣಿಯು ನಡುಮನೆಯ ಸೂರಿನಿಂದ ತೂಗಿತೆಂದೇ ಭಾವಿಸಬಹುದು. ಹರವಿದವಳು ಪತ್ನಿಯಾದರೆ ಹಗ್ಗ ಎಳೆದವನು ಪತಿ. ಅಟ್ಟದಲ್ಲಿ ಕಡ್ಡಿ ಮುರಿದ ಕೊಡೆಯೂ ಮೂರು ಕಾಲಿನ ಕುರ್ಚಿಯೂ ಹಾಗೆಯೇ ಉಳಿದಿವೆ. ಅವನ್ನು ಇಳಿಸಬೇಕಾದರೆ ಈಗ ನೆರೆಮನೆಯವರ ಏಣಿಯನ್ನು ಕೇಳಿ ತರಬೇಕು. ಯಜಮಾನನು ಇನ್ನೂ ಕೇಳಿಲ್ಲ.