ಬೆಳ್ಳಿ ಕೊಡುವ ಹಳದಿ

ಬೆಳ್ಳಿ ತನ್ನ ಬಿಳುಪನ್ನು ಹೊರಗೆ ಬಿಟ್ಟೇ ಗಾಜಿನೊಳಗೆ ಹೋಗುತ್ತದೆ. ಒಳಗೆ ಅದರ ಬಣ್ಣ ಹಳದಿ.

ಗಾಜಿಗೆ ಬಣ್ಣ ಬಳಿಯುವುದು ಬೇರೆ, ಬಣ್ಣ ಹತ್ತುವುದು ಬೇರೆ. ಬಳಿದದ್ದನ್ನು ಉಗುರಿನಲ್ಲಿ ಕೆರೆಯಬಹುದು. ಹತ್ತಿದ್ದನ್ನು ತೆಗೆಯಬೇಕಾದರೆ ಗಾಜನ್ನೇ ಸವೆಸಬೇಕು.

ಕೆಲಸ ನಡೆಯುವುದು ಹೀಗೆ. ಸಿಲ್ವರ್ ನೈಟ್ರೇಟನ್ನೋ ಬೆಳ್ಳಿಯ ಇನ್ನೊಂದು ಲವಣವನ್ನೋ ಕಾವಿಮಣ್ಣಿನಲ್ಲಿ ಕಲಸಿ, ಗಾಜಿನ ಬೆನ್ನಿಗೆ ಮೆತ್ತಿ, ಒಣಗಿಸಿ ಭಟ್ಟಿಗೆ ಇಡುತ್ತಾರೆ. ಶಾಖ 600 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಗಾಜು ಜೋತುಬೀಳುವ ಮೊದಲೇ ನಿಲ್ಲಿಸಬೇಕು. ಆ ಕಾವಿನಲ್ಲಿ ಗಾಜಿನ ಸೋಡಿಯಂ ಅಯಾನುಗಳು ಜಾಗ ಬಿಟ್ಟು ಹೊರಬರುತ್ತವೆ, ಅಲ್ಲಿಗೆ ಬೆಳ್ಳಿಯ ಅಯಾನುಗಳು ಹೋಗಿ ಕೂರುತ್ತವೆ. ಭಟ್ಟಿ ಪೂರ್ತಿ ಆರಿದ ಮೇಲೆ ತೆಗೆದರೆ ಕಾಣುವುದು ಸುಟ್ಟ ಮಣ್ಣಿನ ಪುಡಿಪದರವೊಂದೇ. ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದಂತೆ ಅದರ ಅಡಿಯಿಂದ ನಿಂಬೆಹಣ್ಣಿನ ಸಿಪ್ಪೆಯಂಥ ಹಳದಿ ಬಿಚ್ಚಿಕೊಳ್ಳುತ್ತದೆ. ಗುಡಿಸಿದ ಪುಡಿಯನ್ನು ಚೆಲ್ಲುವುದಿಲ್ಲ. ಅದರಲ್ಲಿ ಇನ್ನೂ ಬೆಳ್ಳಿ ಇರುತ್ತದೆ.

ಕಾವಿಮಣ್ಣು ಬೆಳ್ಳಿಯನ್ನು ಬಾಗಿಲವರೆಗೆ ಹೊತ್ತು ತಂದು ತಾನು ಹೊರಗೇ ಉಳಿಯುತ್ತದೆ. ಅದಿಲ್ಲದೆ ಬಣ್ಣ ಒಂದೇ ಸಮನಾಗಿ ಹತ್ತುವುದಿಲ್ಲ. ಇಂಥವರು ಎಲ್ಲ ಕಸುಬಿನಲ್ಲೂ ಇದ್ದಾರೆ.

ಒಳಹೊಕ್ಕ ಬೆಳ್ಳಿ ಕೆಲವೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿ ಕೂಡಿಕೊಳ್ಳುತ್ತದೆ. ಆ ಕಣಗಳು 400 ನ್ಯಾನೊಮೀಟರ್ ಸುತ್ತಮುತ್ತಲಿನ ನೇರಳೆ, ನೀಲಿ ಬೆಳಕನ್ನು ಹೀರಿಕೊಳ್ಳುತ್ತವೆ. ಮಿಕ್ಕ ಬೆಳಕು ನಮಗೆ ಹಳದಿಯಾಗಿ ಕಾಣುತ್ತದೆ. ನಾವು ನೋಡುತ್ತಿರುವುದು ಬೆಳ್ಳಿ ಉಳಿಸಿಕೊಟ್ಟದ್ದನ್ನು.

ಇನ್ನಷ್ಟು ಬೆಳ್ಳಿ, ಇನ್ನಷ್ಟು ಕಾವು: ಹಳದಿ ಜೇನುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಂದು. ನೀಲಿ ಗಾಜಿನ ಮೇಲೆ ಹಾಕಿದರೆ ಹಸಿರು. ಬೆಳ್ಳಿ ಅದೇ. ಬದಲಾದದ್ದು ಅದಕ್ಕೆ ಸಿಕ್ಕ ಬೆಂಕಿ ಮತ್ತು ನೆಲೆ.

ಯುರೋಪಿನ ಚರ್ಚುಗಳಿಗೆ ಈ ವಿದ್ಯೆ ಬಂದದ್ದು 14ನೇ ಶತಮಾನದ ಆರಂಭದಲ್ಲಿ. ಈಜಿಪ್ಟಿನ ಗಾಜುಗಾರರು ಅದಕ್ಕೂ 500 ವರ್ಷ ಮೊದಲೇ ಬಟ್ಟಲುಗಳ ಮೇಲೆ ಬೆಳ್ಳಿ, ತಾಮ್ರದ ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಲೈಕರ್ಗಸ್ ಬಟ್ಟಲು ಇನ್ನೂ ಹಳೆಯದು, 4ನೇ ಶತಮಾನದ್ದು. ಮುಂದಿನಿಂದ ಬೆಳಕು ಬಿದ್ದರೆ ಹಸಿರು, ಹಿಂದಿನಿಂದ ಬಂದರೆ ಕೆಂಪು. ಅದರೊಳಗೆ ಬೆಳ್ಳಿ ಮತ್ತು ಚಿನ್ನ ಕೂಡಿದ ಅತಿ ಸಣ್ಣ ಕಣಗಳಿವೆ. ಮಾಡಿದವನಿಗೆ ಕಣದ ಲೆಕ್ಕ ಗೊತ್ತಿರಲಿಲ್ಲ. ಕೈಗೆ ಗೊತ್ತಿತ್ತು ಎಂದರೆ ನಾನು ಒಪ್ಪುತ್ತೇನೆ.

ಬೆಳ್ಳಿ ಬರುವ ಮುಂಚೆ ಕಿಟಕಿಯ ಚಿತ್ರದಲ್ಲಿ ಬಣ್ಣ ಬದಲಾಗಬೇಕಾದರೆ ಗಾಜಿನ ತುಂಡೇ ಬದಲಾಗಬೇಕಿತ್ತು, ನಡುವೆ ಸೀಸದ ಪಟ್ಟಿ ಬರಬೇಕಿತ್ತು. ಬೆಳ್ಳಿ ಬಂದ ಮೇಲೆ ಒಂದೇ ತುಂಡಿನಲ್ಲಿ ಮುಖ ಬಿಳಿ, ಕೂದಲು ಹೊಂಬಣ್ಣ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೋ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಗೋ ಹೋದರೆ ಕಿಟಕಿಯ ಹತ್ತಿರ ನಿಂತು ಇದನ್ನೇ ಹುಡುಕಿ. ಸೀಸದ ಗೆರೆ ಇಲ್ಲದ ಕಡೆ ಹಳದಿ ಶುರುವಾಗಿದ್ದರೆ ಅಲ್ಲಿ ಬೆಳ್ಳಿ ಇರಬಹುದು.

ನಮ್ಮ ಕುರುಬರಹಳ್ಳಿಯ ಬಳೆ ಅಂಗಡಿಯ ಹಳದಿ ಬಳೆಯಲ್ಲಿ ಬೆಳ್ಳಿ ಹುಡುಕಬೇಡಿ. ಬಳೆಗಾಜಿಗೆ ಅಗ್ಗದ ಹಳದಿಗಳಿವೆ. ದಿನವೂ ಒಡೆಯುವ ವಸ್ತುವಿಗೆ ಅಗ್ಗದ ಬಣ್ಣವೇ ಸರಿ. ಅದರಲ್ಲಿ ಕೀಳೇನೂ ಇಲ್ಲ.

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಗಾಜಿನ ಕೆಲಸವನ್ನು ಬರೆದಿಟ್ಟಿದ್ದಾನೆ. ನೆಲದ ಸವಳಿನಿಂದ, ಬೆಣಚುಕಲ್ಲಿನಿಂದ ಗಾಜು ಕರಗಿಸಿದ ಜನ ನಮ್ಮವರು. ಗಾಜು ಹೊರಗಿನ ವಿದ್ಯೆ ಎಂದು ಯಾರಾದರೂ ಅಂದಾಗ ನನಗೆ ಸಂಕಟವಾಗುತ್ತದೆ.

ಗಾಜಿಗೆ ಹಳದಿ ಹತ್ತಿಸುವ ಸಿಲ್ವರ್ ನೈಟ್ರೇಟ್ ಕನ್ನಡಿಗರ ಎಡಗೈ ತೋರುಬೆರಳಿಗೆ ಚೆನ್ನಾಗಿ ಗೊತ್ತು. ಮತದಾನದ ಅಳಿಸಲಾಗದ ಶಾಯಿಯಲ್ಲಿರುವುದು ಅದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿದ ಕಾರ್ಖಾನೆ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶಕ್ಕೆ ಆ ಶಾಯಿ ಅಲ್ಲಿಂದಲೇ ಹೋಗುತ್ತಿದೆ. ಚರ್ಮದ ಉಪ್ಪು, ಹೊರಗಿನ ಬೆಳಕು ಸೇರಿ ಬೆರಳಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಉಗುರು ಬೆಳೆದಂತೆ ಆ ಗುರುತು ಮುಂದೆ ಸರಿದು ಹೋಗುತ್ತದೆ. ಗಾಜು ಬೆಳೆಯುವುದಿಲ್ಲ, ಹತ್ತಿದ ಹಳದಿ ನೂರಾರು ವರ್ಷ ಕದಲುವುದಿಲ್ಲ.

ಗಾಜಿನ ಮಣಿ ಮಾಡುವವರು ಬೆಳ್ಳಿಯನ್ನು ರೇಕಾಗಿಯೇ ಹಚ್ಚುತ್ತಾರೆ. ಉರಿಯಲ್ಲಿ ಮೆತ್ತಗಾದ ಕೆನೆಬಣ್ಣದ ಮಣಿಯನ್ನು ರೇಕಿನ ಮೇಲೆ ಹೊರಳಿಸಿ ಮತ್ತೆ ಉರಿಗೆ ಹಿಡಿದರೆ ರೇಕು ಹರಿದು ಚದುರುತ್ತದೆ, ಅಂಚುಗಳಲ್ಲಿ ಕಂದು ನರಗಳು ಏಳುತ್ತವೆ. ಹೀಗೇ ಬರಲಿ ಎಂದು ಹೇಳಿ ಮಾಡಿಸಲಾಗದು. ಎಲ್ಲಿ ನಿಲ್ಲಿಸಬೇಕೆಂಬುದಷ್ಟೇ ಮಾಡುವವರ ಕೈಯಲ್ಲಿದೆ. ಅದು ಸಣ್ಣ ಅಧಿಕಾರವಲ್ಲ.

ಆಮ್ಲಜನಕ ಕಡಿಮೆಯಾದ ಉರಿಯಲ್ಲಿ ಬೆಳ್ಳಿ ಬೆರೆತ ಗಾಜಿನ ಮೈಮೇಲೆ ಲೋಹದ ಹೊಳಪು ಬಂದು ನಿಲ್ಲುತ್ತದೆ. ಕೊರತೆಯೂ ಒಂದು ಉಪಕರಣ.

ಬೆಂಗಳೂರಿನಲ್ಲಿ ಬಾಳಿದ ಸಿ.ವಿ. ರಾಮನ್ ಕಂಡ ಬೆಳಕಿನ ಚದುರುವಿಕೆ ಬಹಳ ಕ್ಷೀಣವಾದದ್ದು. 1970ರ ದಶಕದಲ್ಲಿ ತಿಳಿದದ್ದೇನೆಂದರೆ, ಒರಟು ಬೆಳ್ಳಿಯ ಮೈಮೇಲೆ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ. ಗಾಜನ್ನು ಹಳದಿ ಮಾಡುವ ಬೆಳ್ಳಿಯ ಗುಣವೇ ಅದರ ಹಿಂದೆಯೂ ಇದೆ.

ಕುರುಬರಹಳ್ಳಿಯ ಗ್ಲಾಸ್-ಪ್ಲೈವುಡ್ ಅಂಗಡಿಯಲ್ಲಿ ಕೊಯ್ದುಕೊಡುವ ಕಿಟಕಿ ಗಾಜು ಕರಗಿದ ತವರದ ಮೇಲೆ ತೇಲಿ ಬಂದದ್ದು. 1950ರ ದಶಕದಲ್ಲಿ ಪಿಲ್ಕಿಂಗ್ಟನ್ ಕಂಪನಿ ಕಂಡುಕೊಂಡ ದಾರಿ ಅದು. ಎರಡು ಮಗ್ಗುಲೂ ಒಂದೇ ಎಂದು ಕಣ್ಣು ಹೇಳುತ್ತದೆ, ಬೆಳ್ಳಿ ಒಪ್ಪುವುದಿಲ್ಲ. ತವರ ಮುಟ್ಟಿದ ಮಗ್ಗುಲಲ್ಲಿ ಬಣ್ಣ ಗಾಢವಾಗಿ ಹತ್ತುತ್ತದೆ, ಇನ್ನೊಂದರಲ್ಲಿ ತೆಳುವಾಗಿ. ಕಾರ್ಖಾನೆಯಲ್ಲಿ ತವರ ತಾಕಿದ ಕ್ಷಣವನ್ನು ಗಾಜು ಮರೆತಿರುವುದಿಲ್ಲ.

ಸಿಲ್ವರ್ ನೈಟ್ರೇಟ್ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ, ಬೆಳಕು ಬೀಳದ ಕಂದು ಶೀಸೆ ಇಷ್ಟೂ ಬೇಕು. ಚೆಲುವಿನ ಹಂಬಲದಲ್ಲಿ ಮೈಯನ್ನು ಕಡೆಗಣಿಸುವವರ ಮೇಲೆ ನನಗೆ ಗೌರವವಿಲ್ಲ.

ಪಿಂಗಾಣಿ ಸುಡುವ ಕರೆಂಟಿನ ಭಟ್ಟಿಗಳು ಬೆಂಗಳೂರಿನಲ್ಲಿ ಈಗ ಬೇಕಾದಷ್ಟಿವೆ. ಪಿಂಗಾಣಿಯ ಕಾವಿಗೆ ಗಾಜು ಕರಗಿಹೋಗುತ್ತದೆ, ಆದ್ದರಿಂದ ಇದಕ್ಕೆಂದೇ ಬೇರೆ ಸುಡಬೇಕು. ಭಟ್ಟಿ ಇಟ್ಟುಕೊಂಡವರು ಒಂದು ದಿನ 600 ಡಿಗ್ರಿಗೇ ನಿಲ್ಲಿಸಿ, ಅಂಗೈಯಗಲದ ಎರಡು ತುಂಡುಗಳಲ್ಲಿ ಒಂದಕ್ಕೆ ತವರದ ಮಗ್ಗುಲಲ್ಲೂ ಇನ್ನೊಂದಕ್ಕೆ ಆಚೆ ಮಗ್ಗುಲಲ್ಲೂ ಬೆಳ್ಳಿ ಹಚ್ಚಿ ನೋಡಲಿ. ಆಮೇಲೆ ನೆರೆಮನೆಯ ಮಕ್ಕಳನ್ನು ಕರೆದು ಎರಡನ್ನೂ ಬಿಸಿಲಿಗೆ ಹಿಡಿದು ತೋರಿಸಲಿ.