ರೋಗಿಯ ಪಾಲು ಎಷ್ಟು?



ಬಂಧುಗಳೇ, ಇವತ್ತಿನ ಚಿಂತನೆ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತದೆ.

ಕಳೆದ ವರ್ಷ ಮಳೆಗಾಲದ ಹೊತ್ತಿಗೆ ನಮ್ಮ ಭಾನುವಾರದ ಅಧ್ಯಯನ ಕೂಟದಲ್ಲಿ ಆಸ್ಪತ್ರೆ ಖರ್ಚಿನ ಮಾತು ಬಂತು. ಹುಣಸೂರಿನಿಂದ ಬಂದಿದ್ದ ಒಬ್ಬರು ತಮ್ಮ ಆರೋಗ್ಯ ವಿಮೆಯಲ್ಲಿ ಶೇ 20 ಕೋ-ಪೇ ಇದೆ, ಬಿಲ್ಲಿನ ಐದನೇ ಒಂದು ಪಾಲು ಕೈಯಿಂದಲೇ ಕಟ್ಟಬೇಕು ಎಂದು ಬೇಸರ ಮಾಡಿಕೊಂಡರು. ನಾನು ನಿವೃತ್ತ ಮೇಷ್ಟ್ರು, ಸುಮ್ಮನಿರುವ ಅಭ್ಯಾಸವಿಲ್ಲ. "ಅದರಲ್ಲಿ ತಪ್ಪೇನಿದೆ? ಪೂರ್ತಿ ಉಚಿತ ಅಂದರೆ ಜನ ತಲೆನೋವಿಗೂ ಸ್ಕ್ಯಾನಿಂಗ್ ಕೇಳುತ್ತಾರೆ. ಕೈಯಿಂದ ಸ್ವಲ್ಪ ಹೋದರೆ ತೃಷ್ಣೆಗೆ ಕಡಿವಾಣ. ಅದೂ ಮಧ್ಯಮ ಮಾರ್ಗವೇ" ಎಂದುಬಿಟ್ಟೆ. ಕೆಲವರು ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ನನ್ನ ತಮ್ಮನ ಹೆಂಡತಿ ಕೂತಿದ್ದಳು.

ಆಕೆ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಕೂಲಿಗೆ ಹೋಗುವವಳು. ಆಗಸ್ಟ್ ಅಂದರೆ ಸೊಪ್ಪು ಮುರಿಯುವುದು, ಕಟ್ಟುವುದು, ಬ್ಯಾರನ್ನಿಗೆ ಏರಿಸುವುದು, ಒಂದಾದ ಮೇಲೊಂದು. ಆ ತಿಂಗಳೇ ಕಿಬ್ಬೊಟ್ಟೆ ನೋವು ಶುರುವಾಯಿತು. ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋದಳು. ಡಾಕ್ಟರು ನೋಡಿ, ಸ್ಕ್ಯಾನಿಂಗ್ ಆಗಬೇಕು, ಇಲ್ಲಿ ಇವತ್ತು ಮಾಡುವವರಿಲ್ಲ, ಹೊರಗಡೆ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದರು. ಹೊರಗಡೆ ಕೇಳಿದ್ದು 1,200 ರೂಪಾಯಿ. ಚೀಟಿ ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಳು.

ನವೆಂಬರ್ ಕೊನೆಯಲ್ಲಿ ಅವಳಿಗೆ ನಿಲ್ಲಲಾಗದೆ ತಮ್ಮ ನನಗೆ ಫೋನ್ ಮಾಡಿದ. ಸ್ಕ್ಯಾನಿಂಗ್ ಆಯಿತು. ಅಂಡಾಶಯದಲ್ಲಿ ಗಡ್ಡೆ, ಚೆನ್ನಾಗಿ ಬೆಳೆದಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು, ಒಂದು ಅಂಡಾಶಯವನ್ನೇ ತೆಗೆಯಬೇಕಾಯಿತು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಪರೇಷನ್ನಿಗೆ ಒಂದು ರೂಪಾಯಿಯನ್ನೂ ಕೇಳಲಿಲ್ಲ. ವಾರ್ಡಿನಲ್ಲಿ ಕೇಳಿದೆ, "ಯಾಕಮ್ಮ, ನನಗೊಂದು ಮಾತು ಹೇಳಬಾರದಿತ್ತಾ?" ಅವಳು ಗೋಡೆ ಕಡೆ ನೋಡಿಕೊಂಡು, "ನೀವೇ ಅಂದಿದ್ರಲ್ಲ ಭಾವ, ಸುಮ್ ಸುಮ್ನೆ ಸ್ಕ್ಯಾನಿಂಗ್ ಕೇಳ್ತಾರೆ ಅಂತ. ಹರಾಜಾದ್ಮೇಲೆ ಕೂಲಿ ಬಾಕಿ ಬರ್ತದೆ, ಆಗ ಮಾಡಿಸ್ಕೊಳಣ ಅನ್ಕೊಂಡೆ" ಎಂದಳು.

ಲೆಕ್ಕ ನೋಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದ ಶೇ 70 ರೋಗಿಯದೇ. ಮನೆಯಲ್ಲಿ ಒಬ್ಬ ಹುಡುಗನಿಗೆ ಸಣ್ಣ ನೌಕರಿ ಸಿಕ್ಕಿ ಕಾರ್ಡಿನ ಬಣ್ಣ ಬದಲಾದರೆ ಕಾಯಿಲೆಯ ಬೆಲೆಯೂ ಬದಲಾಗುತ್ತದೆ. ಆಯುಷ್ಮಾನ್ ಯೋಜನೆಯಲ್ಲಿ ದಾಖಲಾಗುವ ಮುಂಚಿನ ಮೂರು ದಿನಗಳ ಪರೀಕ್ಷೆ ಪ್ಯಾಕೇಜಿಗೆ ಸೇರುತ್ತದೆ. ಆದರೆ ದಾಖಲಾಗಬೇಕೋ ಬೇಡವೋ ಎಂದು ತಿಳಿಯಲು ಹೊರರೋಗಿಯಾಗಿ ಹೊರಗಡೆ ಮಾಡಿಸುವ ಪರೀಕ್ಷೆ ಸೇರುವುದಿಲ್ಲ. ಖಾಸಗಿ ಪಾಲಿಸಿಗಳಲ್ಲೂ ಬಹುಪಾಲು ಹೀಗೆಯೇ. ಅಂದರೆ ಮನೆಯೊಳಗೆ ಊಟ ಸಿದ್ಧವಿದೆ, ಹೊಸಿಲು ದಾಟುವುದಕ್ಕೆ ಮಾತ್ರ ದುಡ್ಡು.

ನಾನು ಅಂದು ಆಡಿದ ವಾದ ನನ್ನದೇನಲ್ಲ, ವಿಮಾ ಕಂಪನಿಗಳದ್ದೇ. ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಅಮೆರಿಕದಲ್ಲಿ ರ್ಯಾಂಡ್ ಎಂಬ ಸಂಸ್ಥೆ 1970ರ ದಶಕದಲ್ಲಿ ಶುರುಮಾಡಿ 1982ರವರೆಗೆ ಸಾವಿರಾರು ಕುಟುಂಬಗಳಿಗೆ ಬೇರೆ ಬೇರೆ ಪಾಲು ವಿಧಿಸಿ ಗಮನಿಸಿತು. ಪಾಲು ಕಟ್ಟಬೇಕಾದವರು ಆಸ್ಪತ್ರೆಗೆ ಹೋಗುವುದು ಕಡಿಮೆಯಾಯಿತು, ಖರ್ಚೂ ಇಳಿಯಿತು. ಆದರೆ ಅವರು ಬೇಡದ ಚಿಕಿತ್ಸೆಯನ್ನು ಬಿಟ್ಟಷ್ಟೇ ಬೇಕಾದ ಚಿಕಿತ್ಸೆಯನ್ನೂ ಬಿಟ್ಟಿದ್ದರು. ರಕ್ತದೊತ್ತಡವಿದ್ದ ಬಡವರ ಸ್ಥಿತಿ ಉಚಿತ ಪಡೆದವರಿಗಿಂತ ಕೆಟ್ಟಿತ್ತು. ಯಾವ ನೋವು ಸುಮ್ಮನೆ, ಯಾವುದು ಗಡ್ಡೆ ಎಂದು ರೋಗಿಗೆ ಹೇಗೆ ಗೊತ್ತಾಗಬೇಕು? ಅದನ್ನು ತಿಳಿಯುವುದಕ್ಕೇ ತಾನೇ ಪರೀಕ್ಷೆ. ತೃಷ್ಣೆ ಎಂಬ ಮಾತನ್ನು ನಾನು ಅಲ್ಲಿ ಬಳಸಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನೋವಿರುವವಳು ನೋವಿನ ಕಾರಣ ಕೇಳುವುದು ತೃಷ್ಣೆಯಾದರೆ, ದುಃಖದ ಕಾರಣ ಹುಡುಕಿ ಹೊರಟ ಸಿದ್ಧಾರ್ಥನನ್ನು ಏನೆನ್ನುವುದು?

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ನಿಮಗೆಲ್ಲ ಗೊತ್ತು. ಆಮಶಂಕೆಯಾದ ಭಿಕ್ಷುವೊಬ್ಬ ತನ್ನ ಹೊಲಸಿನಲ್ಲೇ ಬಿದ್ದಿರುತ್ತಾನೆ. ಭಗವಾನರು ನೀರು ಹಾಕುತ್ತಾರೆ, ಆನಂದ ತೊಳೆಯುತ್ತಾನೆ, ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ನಾವು ಈ ಭಾಗವನ್ನು ಹೇಳಿ ಮುಗಿಸಿಬಿಡುತ್ತೇವೆ. ನನಗೆ ಈ ಸಲ ತಟ್ಟಿದ್ದು ನಡುವಿನ ಮಾತು. ನಿನ್ನನ್ನು ಯಾಕೆ ಯಾರೂ ನೋಡಿಕೊಳ್ಳಲಿಲ್ಲ ಎಂದು ಕೇಳಿದಾಗ ಆ ಭಿಕ್ಷು, ನಾನು ಉಳಿದವರಿಗೆ ಏನೂ ಮಾಡಿರಲಿಲ್ಲ, ಅದಕ್ಕೇ, ಎನ್ನುತ್ತಾನೆ. ಅವನ ಪಾಲು ಕಟ್ಟಿರಲಿಲ್ಲ! ಇದು ಪೂರ್ತಿ ಕೋ-ಪೇ ತರ್ಕ. ಸಂಘದ ಬಹುತೇಕರು ಅದನ್ನು ಒಪ್ಪಿಕೊಂಡಿದ್ದರು, ರೋಗಿಯೂ ಒಪ್ಪಿದ್ದ. ಭಗವಾನರು ಒಪ್ಪಲಿಲ್ಲ.

ಹಾಗಂತ ರೋಗಿಗೆ ಕರ್ತವ್ಯವೇ ಇಲ್ಲ ಎಂದಲ್ಲ. ಅದೇ ಪ್ರಸಂಗದ ಮುಂದೆ ರೋಗಿಯ ಪಾಲನ್ನೂ ಹೇಳಿದೆ: ಪಥ್ಯ ಪಾಲಿಸಬೇಕು, ಮಿತಿ ಅರಿಯಬೇಕು, ಔಷಧ ತೆಗೆದುಕೊಳ್ಳಬೇಕು, ಕಾಯಿಲೆಯನ್ನು ಮುಚ್ಚಿಡದೆ ಇದ್ದದ್ದು ಇದ್ದಂತೆ ಹೇಳಬೇಕು, ನೋವು ಸಹಿಸಬೇಕು. ಆರೈಕೆ ಮಾಡುವವನಿಗೂ ಷರತ್ತಿದೆ, ಲಾಭದ ಆಸೆಯಿಂದ ಮಾಡಬಾರದು. ಈ ಐದರಲ್ಲಿ ದುಡ್ಡಿನ ಮಾತಿಲ್ಲ. ಅದಕ್ಕಿಂತ ಹೆಚ್ಚಾಗಿ, ಮುಚ್ಚಿಡದೆ ಹೇಳಬೇಕೆಂಬ ಕರ್ತವ್ಯವನ್ನೇ ದುಡ್ಡು ಕೊಂದುಹಾಕುತ್ತದೆ. ನನ್ನ ನಾದಿನಿಯಂಥವಳು ಮೂರು ತಿಂಗಳು ಬಾಯಿ ಬಿಡದೆ ಇದ್ದದ್ದು ಸುಮ್ಮನೆಯಾ?

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆ ಬಗ್ಗೆ ಬಿ.ಪಿ. ಅದಾರ್ಕರ್ ವರದಿ ಕೊಟ್ಟದ್ದು 1944ರಲ್ಲಿ, ಅವರ ಕಾಲದಲ್ಲೇ. ಅದರಿಂದ ಬೆಳೆದದ್ದು 1948ರ ಇಎಸ್ಐ ಕಾಯ್ದೆ. ಇವತ್ತಿಗೂ ಕಾರ್ಮಿಕ ಸಂಬಳದ ಶೇ 0.75, ಮಾಲೀಕ ಶೇ 3.25 ಕಟ್ಟುತ್ತಾರೆ. ದುಡಿಯುವಾಗ ಶಕ್ತ್ಯಾನುಸಾರ ಕೊಡು, ಬಿದ್ದಾಗ ನಿನ್ನನ್ನು ಕೇಳುವುದಿಲ್ಲ, ಇದು ಅದರ ಏರ್ಪಾಡು. ಆದರೆ ಹೊಗೆಸೊಪ್ಪಿನ ಹೊಲದ ಕೂಲಿಗೆ ಅದು ತಲುಪಿಲ್ಲ. ಬಡವನ ಸ್ಥಿತಿಗೆ ಅವನ ಪೂರ್ವಜನ್ಮದ ಕರ್ಮವೇ ಕಾರಣ ಎನ್ನುವ ಸಿದ್ಧಾಂತ ಸರ್ಕಾರ ಮತ್ತು ಸಮಾಜವನ್ನು ಹೊಣೆಯಿಂದ ಬಿಡಿಸಿಬಿಡುತ್ತದೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ವಾದಿಸಿದ್ದಾರೆ. ನಾನು ಹಣೆಬರಹವನ್ನು ಬಿಟ್ಟಿದ್ದೆ, ಅದರ ಜಾಗದಲ್ಲಿ "ಜನ ದುರುಪಯೋಗ ಮಾಡ್ತಾರೆ" ಎಂಬುದನ್ನು ತಂದು ಕೂರಿಸಿದ್ದೆ. ಕೆಲಸ ಎರಡೂ ಒಂದೇ ಮಾಡುತ್ತವೆ.

ಈಗ ಕೂಟದಲ್ಲಿ ಒಂದು ಡಬ್ಬ ಇಟ್ಟಿದ್ದೇವೆ, ಪರೀಕ್ಷೆಯ ಚೀಟಿ ತಂದವರಿಗೆ. ಹೆಸರು ಬರೆದುಕೊಳ್ಳುವುದಿಲ್ಲ. ಕೆ.ಆರ್. ನಗರದ ಒಬ್ಬ ಯುವಕ ಇದಕ್ಕೆ ಆಕ್ಷೇಪಿಸಿದ, "ಡಬ್ಬ ಇಟ್ಟರೆ ಸರ್ಕಾರ ನಿದ್ದೆ ಮಾಡುತ್ತೆ ಸಾರ್" ಎಂದ. ಅವನ ಮಾತು ಸರಿ. ಡಬ್ಬವನ್ನು ತೆಗೆದಿಲ್ಲ, ಸ್ಕ್ಯಾನಿಂಗ್ ಡಾಕ್ಟರು ವಾರದಲ್ಲಿ ಯಾವ ದಿನ ಇರುತ್ತಾರೆಂದು ಆಸ್ಪತ್ರೆ ಬಾಗಿಲಲ್ಲಿ ಬರೆಸಬೇಕು, ದಿನ ಹೆಚ್ಚಿಸಬೇಕು ಎಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿಯನ್ನೂ ಬರೆದಿದ್ದೇವೆ. ಎಚ್.ಡಿ. ಕೋಟೆಯ ಬಂಧುಗಳು ತಮ್ಮ ತಾಲ್ಲೂಕಿಗೆ ಬೇರೆ ಅರ್ಜಿ ಮಾಡಲಿದ್ದಾರೆ. ಬರುವ ಭಾನುವಾರ ರೇಷನ್ ಕಾರ್ಡು, ಪಾಲಿಸಿ ಇದ್ದವರು ಪಾಲಿಸಿ ಎರಡನ್ನೂ ತನ್ನಿ, ಯಾರಿಗೆ ಏನು ಸಿಗುತ್ತದೆ ಎಂದು ಓದಿ ಹೇಳೋಣ. ಅರ್ಜಿಯ ಮೊದಲ ಸಹಿ ನಾದಿನಿಯದು. ನನ್ನದು ಅದರ ಕೆಳಗಿದೆ.

ಜೈ ಭೀಮ್.